ಬೋರ್ಡೋ ಸೋಸುವ ಬಟ್ಟೆ ಎರಡೇ ಡ್ರಮ್ಮಿಗೆ ಕಟ್ಟಿಕೊಳ್ಳುತ್ತೆ, ಕಿಡ್ನಿ ಫಿಲ್ಟರ್ ಯಾಕೆ ಕಟ್ಟಿಕೊಳ್ಳಲ್ಲ?

ತೋಟದಕೆರೆ, ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಅಮ್ಮನಿಗೆ 58 ವರ್ಷ. ಶುಗರ್ ಬಂದು 11 ವರ್ಷ ಆಯಿತು. ಮಾತ್ರೆ ತಪ್ಪಿಸುವವರಲ್ಲ, ಆದರೆ ಹಲಸಿನ ಹಣ್ಣಿನ ಕಾಲದಲ್ಲಿ ಮಾತ್ರ ಯಾರ ಮಾತೂ ಕೇಳುವುದಿಲ್ಲ. ಹೋದ ವಾರ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಲ್ಲ ಪರೀಕ್ಷೆ ಮಾಡಿಸಿದೆ. ರಕ್ತದಲ್ಲಿ ಕ್ರಿಯಾಟಿನಿನ್ 0.9, ನಾರ್ಮಲ್ ಅಂತ ರಿಪೋರ್ಟಿನಲ್ಲೇ ಇದೆ. ಆದರೆ ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನು 160 ಬಂದಿದೆ. ಅದು 30ರ ಒಳಗೆ ಇರಬೇಕಿತ್ತಂತೆ. ಡಾಕ್ಟರು "ಫಿಲ್ಟರ್ ಸೋರೋಕೆ ಶುರುವಾಗಿದೆ, ಈಗಲೇ ಹಿಡಿಯೋಣ" ಅಂದು ಒಂದು ಬಿಪಿ ಮಾತ್ರೆ ಬರೆದುಕೊಟ್ಟರು. ಅಮ್ಮನ ಬಿಪಿ ಅಂಥಾ ಜಾಸ್ತಿ ಏನಿಲ್ಲ, 134-84 ಇತ್ತು. ಹೊರಗೆ ಜನ ಸಾಲು ನಿಂತಿದ್ದರು, ನಾನೂ ಕೆದಕಿ ಕೇಳಲಿಲ್ಲ. ಬಸ್ಸು ಮಂಡಗದ್ದೆ ದಾಟುವ ಹೊತ್ತಿಗೆ ತಲೆಯಲ್ಲಿ ಹುಳ ಕೊರೆಯೋಕೆ ಶುರುವಾಯಿತು.

ನನಗೆ ಗೊತ್ತಿರುವ ಫಿಲ್ಟರ್ ಅಂದರೆ ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿ ಸೋಸುವ ಬಟ್ಟೆ. 200 ಲೀಟರ್ ಡ್ರಮ್ಮಿಗೆ 2 ಕೆಜಿ ಮೈಲುತುತ್ತ, 2 ಕೆಜಿ ಸುಣ್ಣ. ಸುಣ್ಣದ ನೀರನ್ನು ಅಮ್ಮನ ಹಳೇ ಕಾಟನ್ ಸೀರೆ ತುಂಡಿನಲ್ಲಿ ಸೋಸದೇ ಸುರಿದರೆ ಗನ್ನಿನ ತುದಿ ಕಟ್ಟಿಕೊಳ್ಳುತ್ತೆ. ಆಗ ಮರದ ಮೇಲಿರುವ ಕೊನೆಗಾರ ಅಲ್ಲಿಂದಲೇ ನಮ್ಮ ವಂಶವನ್ನೆಲ್ಲ ನೆನೆಸಿಕೊಳ್ಳುತ್ತಾನೆ. ಸೋಸಿದರೂ ಎರಡು ಡ್ರಮ್ ಆಗುವಷ್ಟರಲ್ಲಿ ಬಟ್ಟೆಯಲ್ಲಿ ಗಸಿ ಕೂತು ನೀರು ಇಳಿಯುವುದೇ ಇಲ್ಲ. ಕೊಡವಿ, ತೊಳೆದು, ಮತ್ತೆ ಕಟ್ಟಬೇಕು.

ಅಮ್ಮನ ಕಿಡ್ನಿ 58 ವರ್ಷದಿಂದ ಸೋಸುತ್ತಿದೆ. ಅದನ್ನು ಯಾರು ತೊಳೆಯುತ್ತಾರೆ? ಕೊಳೆ ಹೋಗುವ ತೂತಿನಲ್ಲಿ ಒಳ್ಳೆಯದು ಹೋಗದೆ ಹೇಗೆ ನಿಲ್ಲುತ್ತೆ? ಸೋರುತ್ತಿದ್ದರೆ ಕ್ರಿಯಾಟಿನಿನ್ ನಾರ್ಮಲ್ ಹೇಗೆ ಬಂತು? ಬಟ್ಟೆ ಹರಿದಿದ್ದಕ್ಕೆ ಬಿಪಿ ಮಾತ್ರೆ ಯಾಕೆ? ಗೊತ್ತಿದ್ದವರು ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳಿ.

ಮಳೆಗಾಲದ ಬಸ್ಸು

ಸುಮ್ನೆ ತಲೆ ಕೆಡಿಸ್ಕೋಬೇಡಿ ಮಾರಾಯ್ರೆ. ಶುಗರ್ ಇದ್ದವರಿಗೆಲ್ಲ ಇದು ಇದ್ದದ್ದೇ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ದಾರೆಹುಳಿ ರಸ ಕೊಡಿ. ಶುಗರೂ ಇಳಿಯುತ್ತೆ, ಕಿಡ್ನಿಯೂ ಕ್ಲೀನ್ ಆಗುತ್ತೆ. ನಮ್ಮ ಮಾವ ಎರಡು ತಿಂಗಳಿಂದ ಕುಡಿಯುತ್ತಿದ್ದಾರೆ.

ಹಳೇ ಲ್ಯಾಬ್ ಅಕ್ಕ

ಬಸ್ಸಿನವರೇ, ದಾರೆಹುಳಿ ವಿಷಯಕ್ಕೆ ಆಮೇಲೆ ಬರುತ್ತೇನೆ. ಅಲ್ಲಿಯವರೆಗೆ ನಿಮ್ಮ ಮಾವನ ಲೋಟ ಕೆಳಗಿಡಿಸಿ.

ತೋಟದ ತಮ್ಮಾ, ನಾನು ಡಾಕ್ಟರಲ್ಲ. 31 ವರ್ಷ ಲ್ಯಾಬಿನಲ್ಲಿ ಕೂತು ಊರವರ ಮೂತ್ರ ನೋಡಿದವಳು. ನಮ್ಮ ಅತ್ತೆ ಕೊನೆಯವರೆಗೂ ನಾನು ಅಡುಗೆ ಮನೆಗೆ ಕಾಲಿಡುವಾಗ ಕೈ ತೊಳೆದೆಯಾ ಅಂತ ಎರಡೆರಡು ಸಲ ಕೇಳುತ್ತಿದ್ದರು. ಅಷ್ಟು ಅನುಭವದ ಮೇಲೆ ಹೇಳುತ್ತೇನೆ.

ಮೊದಲು ಬಟ್ಟೆ ಕಟ್ಟಿಕೊಳ್ಳುವ ವಿಷಯ. ನೀವು ಸುಣ್ಣದ ನೀರನ್ನು ಬಟ್ಟೆಯ ಮೇಲೆ ನೇರ ಸುರಿಯುತ್ತೀರಿ. ಗಸಿಗೆ ಹೋಗಲು ಬೇರೆ ದಾರಿ ಇಲ್ಲ, ಅಲ್ಲೇ ಕೂರುತ್ತೆ. ನನ್ನ ತವರು ಹೊಸನಗರದ ಕಡೆ. ಗುಡ್ಡದ ಅಬ್ಬಿ ನೀರು ಅಡಿಕೆ ದಂಬೆಯಲ್ಲಿ, ಅಂದರೆ ಅಡಿಕೆ ಮರ ಸೀಳಿ ಮಾಡಿದ ಕಾಲುವೆಯಲ್ಲಿ, ಮನೆಗೆ ಬರುತ್ತಿತ್ತು. ಅಪ್ಪಯ್ಯ ಮೊದಲು ದಂಬೆಯ ಬಾಯಿಗೇ ಬಟ್ಟೆ ಕಟ್ಟಿದರು. ಒಂದು ರಾತ್ರಿಗೆ ತರಗೆಲೆ ಕೂತು ಬಂದ್. ಆಮೇಲೆ ದಂಬೆಯ ಪಕ್ಕಕ್ಕೆ ಒಂದು ತೂತು ಕೊರೆದು, ಬಟ್ಟೆಯನ್ನು ಅಲ್ಲಿಗೆ ಕಟ್ಟಿದರು. ತರಗು, ಕಸ, ಮರಳು ಎಲ್ಲ ಹರಿವಿನ ಜೊತೆ ಮುಂದೆ ತೋಟಕ್ಕೆ ಹೋಗುತ್ತಿತ್ತು. ಪಕ್ಕದಿಂದ ಬಚ್ಚಲ ಹಂಡೆಗೆ ತಿಳಿನೀರು. ಬಟ್ಟೆಯನ್ನು ಹರಿವೇ ತೊಳೆಯುತ್ತಿತ್ತು.

ಕಿಡ್ನಿಯಲ್ಲಿ ನಡೆಯುವುದೂ ಹೀಗೇ. ನಿಮಿಷಕ್ಕೆ ಒಂದು ಲೀಟರಿಗೂ ಜಾಸ್ತಿ ರಕ್ತ ಎರಡೂ ಕಿಡ್ನಿಗೆ ಬರುತ್ತೆ, ಹೃದಯ ಒತ್ತಿದ್ದರಲ್ಲಿ ಹತ್ತಿರ ಹತ್ತಿರ ಕಾಲು ಭಾಗ. ಕಣಗಳನ್ನು ಬಿಟ್ಟರೆ ಅದರಲ್ಲಿ ನೀರಿನಂಥ ಪ್ಲಾಸ್ಮಾ 600 ಮಿಲಿಲೀಟರಿಗಿಂತ ಸ್ವಲ್ಪ ಮೇಲೆ. ಅದರಲ್ಲಿ ಪಕ್ಕದ ತೂತಿನಿಂದ ಇಳಿಯುವುದು 125 ಮಿಲಿಲೀಟರ್, ಐದರಲ್ಲಿ ಒಂದು ಪಾಲು. ಉಳಿದ ನಾಲ್ಕು ಪಾಲು ಕಣ, ಪ್ರೋಟೀನು ಎಲ್ಲವನ್ನೂ ಹೊತ್ತುಕೊಂಡು ಮುಂದೆ ಹೋಗುತ್ತೆ. ಹಾಗಂತ ಏನೂ ಸಿಕ್ಕಿಕೊಳ್ಳುವುದೇ ಇಲ್ಲ ಅಂತಲ್ಲ. ಆ ನಾಳಗಳ ನಡುವೆ ಮೆಸಾಂಜಿಯಲ್ ಅನ್ನುವ ಜೀವಕೋಶಗಳಿವೆ, ಸಿಕ್ಕಿಕೊಂಡ ಚೂರುಪಾರನ್ನು ನುಂಗಿ ಜಾಡಿಸುವ ಕೆಲಸ ಅವುಗಳದ್ದು.

ಈಗ ಆ ದಂಬೆ ಹೇಗಿದೆ ನೋಡೋಣ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ನಾಳಗಳ ಉಂಡೆಗಳಿವೆ. ಒಂದು ಉಂಡೆ ಮಿಲಿಮೀಟರಿನ ಐದನೇ ಒಂದು ಭಾಗ. ಗ್ಲೊಮೆರುಲಸ್ ಅನ್ನುತ್ತಾರೆ, ಲ್ಯಾಟಿನ್ನಿನಲ್ಲಿ ನೂಲಿನ ಪುಟ್ಟ ಉಂಡೆ ಅಂತ ಅರ್ಥ. 1666ರಲ್ಲಿ ಇಟಲಿಯ ಮಾಲ್ಪೀಗಿ ರಕ್ತನಾಳಕ್ಕೆ ಕಪ್ಪು ಶಾಯಿ ತುಂಬಿಸಿ ನೋಡಿ, ಮರದಲ್ಲಿ ಸೇಬು ತೂಗಿದ ಹಾಗಿದೆ ಅಂತ ಬರೆದಿದ್ದ. ನಮ್ಮವರು ನೋಡಿದ್ದರೆ ನೆಲ್ಲಿಮರ ಅನ್ನುತ್ತಿದ್ದರೇನೋ. 1842ರಲ್ಲಿ ಇಂಗ್ಲೆಂಡಿನ ಬೌಮನ್, ಆ ಉಂಡೆಯ ಸುತ್ತ ಒಂದು ಬಟ್ಟಲು ಇದೆ, ಬಟ್ಟಲಿನಿಂದಲೇ ಮೂತ್ರದ ಕೊಳವೆ ಶುರುವಾಗುತ್ತೆ ಅಂತ ತೋರಿಸಿದ. ಸೋಸಿದ ನೀರು ಬೀಳುವುದು ಆ ಬಟ್ಟಲಿಗೆ.

ಜಾಲರಿ ಮೂರು ಪದರ. ಒಳಗಿನದು ರಕ್ತನಾಳದ ಗೋಡೆ. ಅದರಲ್ಲಿ 70ರಿಂದ 100 ನ್ಯಾನೋಮೀಟರಿನ ತೂತುಗಳು. ಕೆಂಪು ರಕ್ತಕಣ 7000 ನ್ಯಾನೋಮೀಟರಿನದ್ದು, ಅಲ್ಲೇ ವಾಪಸ್. ನಡುವಿನದು ಕಂಬಳಿಯ ಹಾಗೆ ಒತ್ತಿ ಹೆಣೆದ ಒಂದು ಹಾಸು. ಹೊರಗಿನದು ನನಗೆ ಬಹಳ ಇಷ್ಟ. ಪೊಡೋಸೈಟ್ ಅಂತ, ಕಾಲುಳ್ಳ ಜೀವಕೋಶ. ನಾಳದ ಮೇಲೆ ಕೂತು ಬೆರಳುಗಳನ್ನು ಚಾಚಿ, ಪಕ್ಕದವಳ ಬೆರಳಿನ ಸಂದಿಗೆ ತನ್ನ ಬೆರಳು ತೂರಿಸಿ ಹಿಡಿದುಕೊಂಡಿರುತ್ತೆ. ನೀವು ಎರಡೂ ಕೈ ಬೆರಳು ಹೆಣೆದು ನೋಡಿ, ಹಾಗೆ. ಬೆರಳುಗಳ ಸಂದಿ 40 ನ್ಯಾನೋಮೀಟರಿನಷ್ಟು, ಆ ಸಂದಿಗೂ ಜಿಪ್ಪಿನಂಥ ಒಂದು ಪರದೆ. ಜಿಪ್ಪಿನ ಹಲ್ಲಿನ ಪ್ರೋಟೀನಿಗೆ ನೆಫ್ರಿನ್ ಅಂತ ಹೆಸರು. 1998ರಲ್ಲಿ ಸಿಕ್ಕಿದ್ದು. ಹುಟ್ಟುವಾಗಲೇ ಮೂತ್ರದಲ್ಲಿ ಪ್ರೋಟೀನ್ ಸುರಿಯುವ ಒಂದು ಕಾಯಿಲೆ ಫಿನ್ಲೆಂಡಿನ ಕೂಸುಗಳಲ್ಲಿ ಇತ್ತು, ಅದರ ಬೆನ್ನು ಹತ್ತಿ ಹೋದಾಗ.

ಉಪ್ಪು, ಸಕ್ಕರೆ, ಯೂರಿಯಾ, ಕ್ರಿಯಾಟಿನಿನ್ ಎಲ್ಲ ಒಂದು ನ್ಯಾನೋಮೀಟರಿನ ಆಸುಪಾಸಿನವು, ಹೇಳದೆ ಕೇಳದೆ ದಾಟುತ್ತವೆ. ಅಲ್ಬುಮಿನ್ ಸುಮಾರು 7. ಅದನ್ನು ತಡೆಯುವುದರಲ್ಲಿ ಕಂಬಳಿ ಮತ್ತು ಜಿಪ್ಪಿನ ಪಾಲು ದೊಡ್ಡದು. ಜೊತೆಗೆ ಅಲ್ಬುಮಿನ್ನಿಗೆ ಋಣ ವಿದ್ಯುತ್ತು ಇದೆ, ಜಾಲರಿಗೂ ಋಣವೇ. ಆಯಸ್ಕಾಂತದ ಒಂದೇ ತುದಿಗಳನ್ನು ಎದುರು ಹಿಡಿದರೆ ದೂಡುತ್ತವಲ್ಲ, ಹಾಗೆ ದೂಡುತ್ತೆ.

ಅಲ್ಬುಮಿನ್ ದಾಟಿತು ಅಂತ ನಾವು ಹಿಂದೆ ಕಂಡುಹಿಡಿಯುತ್ತಿದ್ದ ರೀತಿ ಕೇಳಿ. ಗಾಜಿನ ನಳಿಗೆಗೆ ಮುಕ್ಕಾಲು ಮೂತ್ರ ತುಂಬಿ, ಓರೆಯಾಗಿ ಹಿಡಿದು, ಸ್ಪಿರಿಟ್ ದೀಪದಲ್ಲಿ ಮೇಲಿನ ಭಾಗವನ್ನು ಮಾತ್ರ ಕಾಯಿಸುವುದು. ಕೆಳಗೆ ತಿಳಿಯಾಗಿಯೇ ಇರುತ್ತೆ, ಮೇಲೆ ಮೋಡ ಕಟ್ಟುತ್ತೆ. ಎರಡು ಹನಿ ಅಸಿಟಿಕ್ ಆಸಿಡ್ ಬಿಟ್ಟಾಗ ಮೋಡ ಕರಗಿದರೆ ಫಾಸ್ಫೇಟ್, ಭಯವಿಲ್ಲ. ಕರಗದೆ ನಿಂತರೆ ಪ್ರೋಟೀನು. ಮೊಟ್ಟೆಯ ಬಿಳಿ ಬೇಯುವುದೂ ಇದೂ ಒಂದೇ. ಕೆಲವರದ್ದು ಮೊಸರಿನ ಹಾಗೆ ಗಟ್ಟಿ ಕೂರುತ್ತಿತ್ತು, ಅಂಥವರ ಕಾಲು ಊದಿರುತ್ತಿತ್ತು. ನಿಮ್ಮ ಅಮ್ಮನ 160 ಆ ದೀಪಕ್ಕೆ ಸರಿಯಾಗಿ ಸಿಗುವಷ್ಟೂ ಇಲ್ಲ. ಈಗಿನ ಪರೀಕ್ಷೆ ಸೂಕ್ಷ್ಮ, ಅದಕ್ಕೇ ಬೇಗ ಸಿಕ್ಕಿದೆ. ಒಂದೇ ರಿಪೋರ್ಟಿಗೆ ಹೆದರಬೇಡಿ. ಜ್ವರ, ಉರಿಮೂತ್ರ ಇದ್ದರೂ ಏರುತ್ತೆ. ಮೂರು ತಿಂಗಳ ಒಳಗೆ ಇನ್ನೂ ಒಂದೆರಡು ಸಲ, ಬೆಳಗಿನ ಮೊದಲ ಮೂತ್ರದಲ್ಲಿ ನೋಡಿಸಿ.

ಕ್ರಿಯಾಟಿನಿನ್ ನಾರ್ಮಲ್ ಯಾಕೆ? ಅದು ಮಾಂಸಖಂಡದಿಂದ ದಿನಾ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಬರುವ ಕೊಳೆ. ಸೋಸುವ ಶಕ್ತಿ ಅರ್ಧಕ್ಕೆ ಇಳಿದರೆ ರಕ್ತದಲ್ಲಿ ಅದು ಎರಡು ಪಟ್ಟು ಆಗುತ್ತೆ. 0.6 ಇದ್ದವರಿಗೆ 1.2 ಆಗುತ್ತೆ, ಅದನ್ನೂ ಎಷ್ಟೋ ಲ್ಯಾಬಿನ ಹಾಳೆ ನಾರ್ಮಲ್ ಅನ್ನುತ್ತೆ! ಒಂದು ಉಂಡೆ ಸತ್ತರೆ ಪಕ್ಕದವು ಅದರ ಪಾಲನ್ನೂ ಹೊರುತ್ತವೆ. ಕ್ರಿಯಾಟಿನಿನ್ ಅನ್ನುವುದು ಮನೆ ಮುಳುಗಿದ ಮೇಲೆ ಕೂಗುವ ನಾಯಿ. ಅಲ್ಬುಮಿನ್ ಅಂಗಳಕ್ಕೆ ನೀರು ಬಂದಾಗಲೇ ಕೂಗುತ್ತೆ.

ಬಿಪಿ ಮಾತ್ರೆ ಬಗ್ಗೆ ಊಟ ಮಾಡಿ ಬಂದು ಬರೆಯುತ್ತೇನೆ. ಕರೆಂಟ್ ಇದ್ದರೆ.

ತೋಟದಕೆರೆ

ಅಕ್ಕಾ, ದಂಬೆ ಅಂದ ಕೂಡಲೇ ಅರ್ಥ ಆಯಿತು. ಆದರೆ ಲೆಕ್ಕ ಹಾಕಿ ಗಾಬರಿಯಾದೆ. ನಿಮಿಷಕ್ಕೆ 125 ಅಂದರೆ ದಿನಕ್ಕೆ 180 ಲೀಟರ್. ನನ್ನ ಬೋರ್ಡೋ ಡ್ರಮ್ಮೇ ತುಂಬಿತು! ಅಷ್ಟು ನೀರು ಎಲ್ಲಿ ಹೋಗುತ್ತೆ?

ಇನ್ನೊಂದು. ಅಮ್ಮನಿಗೆ ಮಂಡಿ ನೋವು. ಅಡಿಕೆ ಸುಲಿಯುವ ಕಾಲದಲ್ಲಿ ದಿನಾ ಒಂದು ನೋವಿನ ಮಾತ್ರೆ ನುಂಗುತ್ತಿದ್ದರು. ಮೆಡಿಕಲ್ ಶಾಪಿನವನು ಚೀಟಿ ಕೇಳದೆ ಸ್ಟ್ರಿಪ್ ಲೆಕ್ಕದಲ್ಲಿ ಕೊಡುತ್ತಿದ್ದ. ಶಿವಮೊಗ್ಗದಲ್ಲಿ ಡಾಕ್ಟರಿಗೆ ಇದನ್ನು ಹೇಳುವುದೇ ಮರೆತುಹೋಯಿತು.

ಹಳೇ ಲ್ಯಾಬ್ ಅಕ್ಕ

ಮರೆತದ್ದೇ ದೊಡ್ಡದು ತಮ್ಮಾ. ನಾಳೆಯೇ ಫೋನ್ ಮಾಡಿ ಹೇಳಿ.

ಡ್ರಮ್ಮಿನ ಲೆಕ್ಕ ಸರಿಯಾಗಿದೆ. ಮೈಯಲ್ಲಿರುವ ಪ್ಲಾಸ್ಮಾ ಬರೀ 3 ಲೀಟರ್. ಅದೇ ನೀರು ದಿನಕ್ಕೆ 60 ಸಲ ಸೋಸಿಸಿಕೊಳ್ಳುತ್ತೆ. ಬಟ್ಟಲಿನಿಂದ ಮುಂದಿನ ಕೊಳವೆಯಲ್ಲಿ 100ಕ್ಕೆ 99 ಪಾಲು ವಾಪಸ್ ರಕ್ತಕ್ಕೇ ಹೋಗುತ್ತೆ. ಹೊರಗೆ ಬರುವುದು ಒಂದೂವರೆ ಲೀಟರಿನಷ್ಟು. ಕಿಡ್ನಿ ಕಸವನ್ನು ಆರಿಸಿ ಬಿಸಾಡುವುದಿಲ್ಲ. ಮನೆಯ ಸಣ್ಣ ಸಾಮಾನೆಲ್ಲ ಅಂಗಳಕ್ಕೆ ಎಸೆದು, ಬೇಕಾದ್ದನ್ನು ಒಂದೊಂದೇ ಒಳಗೆ ತರುತ್ತೆ. ಹುಚ್ಚು ಅನ್ನಿಸುತ್ತೆ ಅಲ್ವಾ? ಆದರೆ ಇದರಲ್ಲಿ ಒಂದು ಅನುಕೂಲ ಇದೆ. ಗುರುತೇ ಇಲ್ಲದ ಹೊಸ ವಿಷ ಬಂದರೂ, ಸಣ್ಣದಾಗಿದ್ದು ನೀರಿನಲ್ಲಿ ಕರಗಿದ್ದರೆ, ಅದು ತಾನಾಗಿ ಅಂಗಳದಲ್ಲೇ ಉಳಿಯುತ್ತೆ.

ಇದು ಗೊತ್ತಾದದ್ದು ಕಪ್ಪೆಯಿಂದ. 1924ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವರ್ನ್ ಮತ್ತು ರಿಚರ್ಡ್ಸ್ ಅನ್ನುವವರು ಕಪ್ಪೆ ಕಿಡ್ನಿಯ ಒಂದೇ ಒಂದು ಬಟ್ಟಲಿಗೆ ಕೂದಲಿನಂಥ ಗಾಜಿನ ಸೂಜಿ ಚುಚ್ಚಿ, ಹನಿ ಹೀರಿ ಪರೀಕ್ಷೆ ಮಾಡಿದರು. ಹನಿಯಲ್ಲಿ ಸಕ್ಕರೆ ಇತ್ತು, ಉಪ್ಪಿತ್ತು, ಪ್ರೋಟೀನ್ ಇರಲಿಲ್ಲ. ಅದೇ ಕಪ್ಪೆಯ ಮೂತ್ರಕೋಶದಲ್ಲಿ ನೋಡಿದರೆ ಸಕ್ಕರೆ ನಾಪತ್ತೆ. ದಾರಿಯಲ್ಲಿ ವಾಪಸ್ ಹೋಗಿತ್ತು. 0.2 ಮಿಲಿಮೀಟರಿನ ಉಂಡೆಗೆ ಕೈ ನಡುಗದೆ ಸೂಜಿ ಹಾಕಿದವರಿಗೆ ನನ್ನ ನಮಸ್ಕಾರ. ನನಗೆ ಊದಿದ ಕೈಯಲ್ಲಿ ರಕ್ತನಾಳ ಹುಡುಕುವುದೇ ಸಾಕಾಗುತ್ತಿತ್ತು.

ಈಗ ಬಿಪಿ ಮಾತ್ರೆ. ಸೋಸಬೇಕಾದರೆ ಒತ್ತಡ ಬೇಕು. ಬೇರೆ ಕಡೆ ಸಣ್ಣ ನಾಳಗಳ ಬಲೆಯಿಂದ ರಕ್ತ ಸೀದಾ ಅಭಿಧಮನಿಗೆ ಇಳಿಯುತ್ತೆ, ಒತ್ತಡ ಬಿದ್ದುಹೋಗುತ್ತೆ. ಇಲ್ಲಿ ಮಾತ್ರ ಎರಡೂ ಬದಿಗೆ ನಲ್ಲಿ ಇದೆ. ಒಳಬರುವ ನಾಳ ದಪ್ಪ, ಹೊರಹೋಗುವ ನಾಳ ಸಪೂರ. ತೋಟಕ್ಕೆ ನೀರು ಬಿಡುವಾಗ ಪೈಪಿನ ತುದಿಗೆ ಹೆಬ್ಬೆರಳು ಒತ್ತಿದರೆ ಪೈಪು ಹಿಂದೆ ಉಬ್ಬುತ್ತಲ್ಲ, ಹಾಗೆ. ಅದಕ್ಕೇ ಉಂಡೆಯ ಒಳಗೆ 50ರ ಆಸುಪಾಸು ಒತ್ತಡ ನಿಲ್ಲುತ್ತೆ. ಶುಗರ್ ಜಾಸ್ತಿ ಇದ್ದಾಗ ಒಳನಲ್ಲಿ ಇನ್ನೂ ಸಡಿಲ ಬೀಳುತ್ತೆ, ಆಂಜಿಯೋಟೆನ್ಸಿನ್ ಅನ್ನುವ ಹಾರ್ಮೋನು ಹೊರನಲ್ಲಿಯನ್ನು ಇನ್ನೂ ಬಿಗಿ ಮಾಡುತ್ತೆ. ತೋಳಿನಲ್ಲಿ ನೋಡಿದರೆ 134, ಉಂಡೆಯ ಒಳಗೆ ಮಾತ್ರ ಪೈಪು ಉಬ್ಬಿರುತ್ತೆ. ವರ್ಷಗಟ್ಟಲೆ ಹೀಗಾದರೆ ಪೊಡೋಸೈಟಿನ ಬೆರಳು ಜಾರುತ್ತೆ. ಉದುರಿದ ಪೊಡೋಸೈಟ್ ಮತ್ತೆ ಹುಟ್ಟುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ನಡುವಿನ ಕಂಬಳಿ ಶುಗರಿನಿಂದ ದಪ್ಪಗಾಗುತ್ತೆ. ದಪ್ಪಗಾದರೆ ಒಳ್ಳೆಯದಲ್ವಾ ಅನ್ನಬೇಡಿ, ನೇಯ್ಗೆ ಕೆಡುತ್ತೆ, ಸೋರುತ್ತೆ.

ನಿಮ್ಮ ಚೀಟಿಯಲ್ಲಿ ಮಾತ್ರೆಯ ಹೆಸರು "ಪ್ರಿಲ್" ಅಂತಲೋ "ಸಾರ್ಟನ್" ಅಂತಲೋ ಮುಗಿಯುತ್ತಿರಬೇಕು ನೋಡಿ. ಅದು ಹೆಬ್ಬೆರಳನ್ನು ಸಡಿಲಿಸುವ ಮಾತ್ರೆ. ಶುರು ಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರಬಹುದು, ಅದಕ್ಕೇ ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡನ್ನೂ ನೋಡುತ್ತಾರೆ. ಏರಿತು ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ.

ನೋವಿನ ಮಾತ್ರೆ ಮಾಡುವುದು ಇದಕ್ಕೆ ಉಲ್ಟಾ ತುದಿಯಲ್ಲಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದವು ಒಳನಲ್ಲಿಯನ್ನು ಬಿಗಿ ಮಾಡುತ್ತವೆ. ಒಳಗೆ ಬಿಗಿ, ಹೊರಗೆ ಸಡಿಲ, ಮೇಲಿಂದ ವಾಂತಿ ಭೇದಿ ಆಗಿ ಮೈಯಲ್ಲಿ ನೀರೂ ಇಲ್ಲ. ಆಗ ಉಂಡೆಯಲ್ಲಿ ಒತ್ತಡವೇ ಉಳಿಯುವುದಿಲ್ಲ, ಸೋಸುವುದು ನಿಂತೇ ಹೋಗಬಹುದು. ಮಂಡಿಗೆ ಏನು ಕೊಡಬಹುದು ಅಂತ ಡಾಕ್ಟರನ್ನೇ ಕೇಳಿ. ವಾಂತಿ ಭೇದಿ ಆದ ದಿನ ಬಿಪಿ ಮಾತ್ರೆ ಏನು ಮಾಡಬೇಕು ಅಂತಲೂ ಈಗಲೇ ಕೇಳಿಟ್ಟುಕೊಳ್ಳಿ.

ಬಸ್ಸಿನವರೇ, ನಿಮ್ಮ ಮಾವನ ವಿಷಯ. ದಾರೆಹುಳಿ, ಪೇಟೆಯಲ್ಲಿ ಕಮರಾಕ್ಷಿ ಅನ್ನುವುದು, ಅದರಲ್ಲಿ ಆಕ್ಸಲೇಟ್ ತುಂಬಾ ಇದೆ. ಖಾಲಿ ಹೊಟ್ಟೆಗೆ ಲೋಟಗಟ್ಟಲೆ ಕುಡಿದು, ಅದರ ಹರಳು ಕೊಳವೆಗಳಲ್ಲಿ ಕೂತು, ಚೆನ್ನಾಗಿದ್ದ ಕಿಡ್ನಿಯೇ ಕೆಟ್ಟ ಉದಾಹರಣೆಗಳಿವೆ. ಮೊದಲೇ ಕಿಡ್ನಿ ಸೋತವರಿಗೆ ಅದರಲ್ಲಿರುವ ಇನ್ನೊಂದು ವಿಷ ಮಿದುಳಿಗೇ ಹೋಗುತ್ತೆ. ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್. ಬಿಂಬುಳಿ ರಸವೂ ಆಕ್ಸಲೇಟಿನ ಲೆಕ್ಕದಲ್ಲಿ ಇದರ ತಮ್ಮನೇ. ಊಟಕ್ಕೆ ಒಂದು ಚೂರು ಉಪ್ಪಿನಕಾಯಿ ಬೇರೆ, ಔಷಧಿ ಅಂತ ರಸ ಕುಡಿಯುವುದು ಬೇರೆ.

ಸಾಗರದ ಹಿತ್ತಲು

ಲ್ಯಾಬ್ ಅಕ್ಕ ಹೇಳಿದ ದಂಬೆಯನ್ನು ನಾನು ವಾರಕ್ಕೆ ಮೂರು ದಿನ ನೋಡುತ್ತೇನೆ. ಅಪ್ಪನ ಡಯಾಲಿಸಿಸ್ ಶುರುವಾಗಿ ಎರಡು ವರ್ಷ. ಒಂದು ಸಲಕ್ಕೆ ನಾಲ್ಕು ಗಂಟೆ. ಮಂಚದ ಪಕ್ಕ ಮೊಳಕ್ಕಿಂತ ಚಿಕ್ಕ ಒಂದು ಪ್ಲಾಸ್ಟಿಕ್ ಕೊಳವೆ ನಿಲ್ಲಿಸಿರುತ್ತಾರೆ. ಅದರ ಒಳಗೆ ಕೂದಲೆಳೆಯಂಥ ಸಾವಿರಾರು ಪೊಳ್ಳು ದಾರಗಳು. ದಾರದ ಒಳಗೆ ಅಪ್ಪನ ರಕ್ತ ಹರಿಯುತ್ತೆ, ಹೊರಗೆ ಔಷಧಿ ನೀರು ಎದುರು ದಿಕ್ಕಿಗೆ. ಕೊಳೆ ಪಕ್ಕದ ಗೋಡೆ ದಾಟಿ ಆ ನೀರಿಗೆ ಬರುತ್ತೆ. ಶುರುವಿನಲ್ಲಿ ಬೆಳ್ಳಗಿದ್ದ ಕೊಳವೆ ಎರಡು ನಿಮಿಷದಲ್ಲಿ ಕುಂಕುಮ ಬಣ್ಣ ಆಗುತ್ತೆ. ಮೊದಲ ದಿನ ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದೆ.

ಆದರೆ ಆ ಮೆಷಿನ್ನಿಗೆ ಬಿಸಾಡಿದ್ದನ್ನು ಆರಿಸಿ ಒಳಗೆ ತರಲು ಬರುವುದಿಲ್ಲ. ದಿನವಿಡೀ ನಿಧಾನ ಸೋಸಲೂ ಬರುವುದಿಲ್ಲ. ಅದಕ್ಕೇ ಅಪ್ಪನಿಗೆ ನೀರು, ಕಾಫಿ, ಸಾರು ಎಲ್ಲ ಲೋಟದ ಲೆಕ್ಕ. ಎಳನೀರು ಬಂದ್, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ತೆಂಗಿನ ತೋಟದ ಯಜಮಾನರು ಒಂದು ಬೊಂಡ ಕುಡಿಯುವ ಹಾಗಿಲ್ಲ.

ನನ್ನ ಹೊಟ್ಟೆ ಉರಿಯುವುದು ಇದಕ್ಕೆ: ಶುಗರ್ ಇದ್ದ ಅಷ್ಟೂ ವರ್ಷ ರಕ್ತ ಮಾತ್ರ ಪರೀಕ್ಷೆ ಮಾಡಿಸಿದೆವು. ನಾವು ಹೋಗುತ್ತಿದ್ದ ಕಡೆ ಯಾರೂ ಮೂತ್ರದ ಅಲ್ಬುಮಿನ್ ಬರೆದುಕೊಡಲಿಲ್ಲ, ನಾವೂ ಕೇಳಲಿಲ್ಲ. ಮೂತ್ರ ನೊರೆ ನೊರೆ ಆಗುತ್ತೆ ಅಂತ ಅಪ್ಪ ಒಂದೆರಡು ಸಲ ಅಂದಿದ್ದರು. ಬಚ್ಚಲಿಗೆ ಯಾರೋ ಸೋಪಿನ ನೀರು ಚೆಲ್ಲಿರಬೇಕು ಅಂದಿದ್ದೆ ನಾನು.

ಮಳೆಗಾಲದ ಬಸ್ಸು

ಮಾವನಿಗೆ ಫೋನ್ ಮಾಡಿದೆ. ಲೋಟ ಕೆಳಗಿಟ್ಟಿದ್ದಾರೆ. ಸೋಮವಾರ ಕ್ರಿಯಾಟಿನಿನ್, ಅಲ್ಬುಮಿನ್ ಎರಡೂ ಮಾಡಿಸುತ್ತೇವೆ. ಸಿಟ್ಟು ಮಾಡ್ಕೋಬೇಡಿ ಅಕ್ಕ.

ತೋಟದಕೆರೆ

ಅಕ್ಕಾ, ಚೀಟಿ ತೆಗೆದು ನೋಡಿದೆ. ಹೆಸರು "ಸಾರ್ಟನ್" ಅಂತಲೇ ಮುಗಿಯುತ್ತೆ. ಡಾಕ್ಟರಿಗೆ ಫೋನ್ ಮಾಡಿ ನೋವಿನ ಮಾತ್ರೆ ವಿಷಯ ಹೇಳಿದೆ. ಕೂಡಲೇ ನಿಲ್ಲಿಸಿ ಅಂದರು, ಎರಡು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ. ಸ್ಟ್ರಿಪ್ ಎತ್ತಿಟ್ಟಿದ್ದೇನೆ. ಅಮ್ಮನಿಗೆ ದಂಬೆಯ ಕಥೆ ಹೇಳಿದೆ, ಪೂರಾ ಕೇಳಿದರು. ಕೇಳಿ ಆದ ಮೇಲೆ ಒಂದೇ ಪ್ರಶ್ನೆ, "ಹಾಗಾದ್ರೆ ಹಲಸಿನ ಹಣ್ಣು ತಿನ್ನಬಹುದಾ ಅಂತ ಆ ಅಕ್ಕನ ಹತ್ರ ಕೇಳು."

ಹಳೇ ಲ್ಯಾಬ್ ಅಕ್ಕ

ಎರಡು ತೊಳೆ. ಅವತ್ತು ಅನ್ನ ಅಷ್ಟು ಕಮ್ಮಿ. ಮೂರನೇ ತೊಳೆ ನಿಮಗೆ, ತಮ್ಮಾ.